ನಾಲ್ವರ ದಂಡು ಕಟ್ಟುವವರಿಗೆ ಕಟ್ಟುನಿಟ್ಟಿನ ಸೂಚನೆ

ಕಾಡುಗೋಡಿ, ಹೋಪ್‌ಫಾರ್ಮ್, ವರ್ತೂರು ಕೋಡಿ ಕಡೆಯವರು. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರದವರು. ಪೀಣ್ಯ, ಜಾಲಹಳ್ಳಿ, ದಾಸರಹಳ್ಳಿಯವರು: ಶನಿವಾರ ರಾತ್ರಿ ಊಟ ಮುಗಿಸಿ, ಹೆಡ್‌ಫೋನ್ ಏರಿಸಿ, ಬಾಲ್ಡರ್ಸ್ ಗೇಟ್ 3ರ ಲೋಕಕ್ಕೆ ಇಳಿಯುವ ಸಕಲರ ಗಮನಕ್ಕೆ. ಹೊಸದಾಗಿ ಪಾರ್ಟಿ ಕಟ್ಟುವವರು ಇದನ್ನು ಓದಿದ ಮೇಲೆಯೇ ಪಾತ್ರ ಆರಿಸತಕ್ಕದ್ದು. ಹಳಬರಿಗೆ ವಿನಾಯಿತಿ ಇಲ್ಲ. ‘ನನಗೆಲ್ಲ ಗೊತ್ತು’ ಅಂತ ಮುಂದೆ ನುಗ್ಗಿದವರೇ ಗಾಬ್ಲಿನ್ ಶಿಬಿರದ ಬಾಗಿಲಲ್ಲಿ ಮೊದಲು ಬೀಳುವುದು.

ಆಟದ ಲೆಕ್ಕ ಇಷ್ಟು. ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ ಇದನ್ನು 2023ರ ಆಗಸ್ಟ್ 3ರಂದು ಕಂಪ್ಯೂಟರಿಗೆ ಬಿಡುಗಡೆ ಮಾಡಿತು. ಕಣದಲ್ಲಿರುವವರು ಒಮ್ಮೆಗೆ ನಾಲ್ವರು, ಮಿಕ್ಕವರು ಕ್ಯಾಂಪಿನಲ್ಲಿ ಕಾಯುತ್ತಾರೆ. ಆರಿಸಿಕೊಳ್ಳಲು 12 ಕ್ಲಾಸ್‌ಗಳಿವೆ, ಏರಬಹುದಾದ ಕೊನೆಯ ಲೆವೆಲ್ 12. 1998ರ ಮೊದಲ ಬಾಲ್ಡರ್ಸ್ ಗೇಟ್‌ನಲ್ಲಿ ಆರು ಮಂದಿಯ ಪಾರ್ಟಿ ಇತ್ತು. 1981ರ ವಿಝರ್ಡ್ರಿಯಲ್ಲೂ ಆರೇ. ಆರು ಜನರಿದ್ದಾಗ ಒಬ್ಬರು ಅಲಂಕಾರಕ್ಕೆ ನಿಂತರೂ ನಡೆದುಹೋಗುತ್ತಿತ್ತು. ನಾಲ್ವರಲ್ಲಿ ಒಬ್ಬರು ಅಲಂಕಾರಕ್ಕೆ ನಿಂತರೆ ಕಾಲುಭಾಗ ಪಡೆ ಹೋಯಿತು ಅಂತಲೇ ಅರ್ಥ.

ಮಾಡಬೇಕಾದ್ದು

ಮೊದಲು ಕೆಲಸಗಳ ಪಟ್ಟಿ ಬರೆಯಿರಿ, ಆಮೇಲೆ ಕ್ಲಾಸ್ ಆರಿಸಿ.

ವಾಟ್ಸಾಪ್ ಗುಂಪಿನಲ್ಲಿ ನಡೆಯುವುದು ಇದರ ತಿರುಗುಮುರುಗು. ‘ನಾನು ಸಾರ್ಸರರ್’, ‘ನಾನು ವಾರ್ಲಾಕ್’, ‘ನಾನು ಬಾರ್ಡ್’ ಅಂತ ಸಾಲಾಗಿ ಮೂರು ಮೆಸೇಜು ಬೀಳುತ್ತವೆ, ನಾಲ್ಕನೆಯವರು ಯೋಚನೆ ಮಾಡಿದವರ ಹಾಗೆ ಸ್ವಲ್ಪ ತಡೆದು ‘ಸರಿ, ನಾನು ಪ್ಯಾಲಡಿನ್’ ಅನ್ನುತ್ತಾರೆ. ನಾಲ್ಕೂ ಕರಿಸ್ಮಾ ನೆಚ್ಚಿಕೊಂಡ ಕ್ಲಾಸ್‌ಗಳು, ನಾಲ್ವರೂ ಮಾತಿನ ಮಲ್ಲರು. ಬಲೆ ಕಾಣುವ ಕಣ್ಣು ಯಾರಿಗೂ ಇಲ್ಲ, ಗ್ರಂಥ ಓದಿ ಅರ್ಥ ಹೇಳುವ ಬುದ್ಧಿ ಯಾರಿಗೂ ಇಲ್ಲ. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು?

ಆದ್ದರಿಂದ ಪಟ್ಟಿ ಹೀಗಿರಲಿ: ಎದುರು ನಿಂತು ಏಟು ತಡೆಯುವುದು, ದೂರದಿಂದ ಹೊಡೆಯುವುದು, ಶತ್ರುವಿನ ಕೈಕಾಲು ಕಟ್ಟಿಹಾಕುವುದು, ಬಿದ್ದವರನ್ನು ಎಬ್ಬಿಸುವುದು, ಬೀಗ ಮತ್ತು ಬಲೆ ಬಿಡಿಸುವುದು, ಮಾತಿನಲ್ಲಿ ಗೆಲ್ಲುವುದು, ಸಾಮಾನು ಹೊರುವುದು. ಕೊನೆಯದನ್ನು ಕೇಳಿ ನಗಬೇಡಿ. ಹೊರುವ ತಾಕತ್ತು ಸ್ಟ್ರೆಂತ್ ಮೇಲೆ ನಿಂತಿದೆ. ಜಿಗಿತದ ದೂರವೂ, ಶತ್ರುವನ್ನು ಪ್ರಪಾತಕ್ಕೆ ತಳ್ಳುವ ಬಲವೂ ಅಲ್ಲಿಂದಲೇ ಬರುವುದು. ಪೀಣ್ಯದ ಯಾವುದೇ ಸಣ್ಣ ವರ್ಕ್‌ಶಾಪಿಗೆ ಹೋಗಿ ನೋಡಿ: ಲೇತ್, ಮಿಲ್ಲಿಂಗ್, ಡ್ರಿಲ್ಲಿಂಗ್, ಗ್ರೈಂಡಿಂಗ್ ಎಲ್ಲ ದಾಟಿದರೇ ಒಂದು ಜಾಬ್ ಹೊರಬೀಳುವುದು. ನಾಲ್ಕು ಲೇತ್ ಇಟ್ಟುಕೊಂಡು ಗ್ರೈಂಡಿಂಗ್‌ಗೆ ಪಕ್ಕದ ಶೆಡ್ಡಿನ ಮುಂದೆ ಕಾಯುವ ಮಾಲೀಕರ ಪಾಡು ನಿಮ್ಮ ಪಾರ್ಟಿಗೆ ಬೇಡ.

ಈ ಹಂಚಿಕೆ ಹೊಸದಲ್ಲ. ಎಲ್ಲಕ್ಕೂ ಮೂಲವಾದ ಡಂಜನ್ಸ್ ಅಂಡ್ ಡ್ರಾಗನ್ಸ್ 1974ರಲ್ಲಿ ಬಂದಾಗ ಕಾದಾಡುವವರು, ಮಂತ್ರ ಹಾಕುವವರು, ಕ್ಲೆರಿಕ್ ಎಂದು ಮೂರೇ ಕ್ಲಾಸ್ ಇದ್ದದ್ದು. ಬೀಗ ತೆಗೆಯುವ ಕಳ್ಳರಿಗೆ ಜಾಗ ಸಿಕ್ಕಿದ್ದು 1975ರ ಗ್ರೇಹಾಕ್ ಪುರವಣಿಯಲ್ಲಿ. ಈಗಿನ ಹನ್ನೆರಡೂ ಆ ನಾಲ್ಕರ ಕವಲುಗಳು ಅಂದರೆ ಹೆಚ್ಚು ತಪ್ಪಾಗದು.

ಪ್ರತಿ ಕೆಲಸಕ್ಕೂ ಇಬ್ಬರು ಇರಲೇಬೇಕು.

ಈ ಸೂಚನೆಯಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಡಿ. ಯೂಟ್ಯೂಬಿನಲ್ಲಿ ಪಾರ್ಟಿ ಕಟ್ಟುವುದನ್ನು ಹೇಳಿಕೊಡುವವರು ನಾಲ್ವರೂ ಪ್ರತಿವಾರ ಸರಿಯಾದ ಹೊತ್ತಿಗೆ ಬಂದು ಕೂರುತ್ತಾರೆ ಎಂದುಕೊಂಡು ಮಾತಾಡುತ್ತಾರೆ. ನಮ್ಮ ಕಡೆ ಅದು ಕಟ್ಟುಕಥೆ. ಪೀಣ್ಯದವರಿಗೆ ಎರಡನೇ ಶಿಫ್ಟ್ ಬಿದ್ದರೆ ಮನೆ ಸೇರುವಾಗ ಹನ್ನೊಂದು. ಎಲೆಕ್ಟ್ರಾನಿಕ್ ಸಿಟಿಯವರು ಅಮೆರಿಕದ ಗಡಿಯಾರಕ್ಕೆ ದುಡಿಯುವವರು, ಶನಿವಾರವಾದರೂ ‘ಪ್ರೊಡಕ್ಷನ್ ಇಶ್ಯೂ’ ಅಂತ ಫೋನು ಬಂದರೆ ಎದ್ದುಹೋಗಬೇಕು. ವೈಟ್‌ಫೀಲ್ಡ್‌ನವರು ಕ್ಯಾಬಿನಲ್ಲಿ ಎಲ್ಲಿದ್ದಾರೆ ಅನ್ನುವುದು ಹೊರವರ್ತುಲ ರಸ್ತೆಗೇ ಗೊತ್ತು. ಬೀಗ ತೆಗೆಯಲು ಒಬ್ಬರೇ ರೋಗ್ ಇದ್ದು, ಅವರು ಬಾರದ ದಿನ ಇಡೀ ರಾತ್ರಿ ಮುಚ್ಚಿದ ಪೆಟ್ಟಿಗೆಗಳ ಮುಂದೆ ನಿಟ್ಟುಸಿರು ಬಿಟ್ಟರೆ ಅದನ್ನು ಸಮತೋಲನ ಅನ್ನಲಾಗದು.

ಒಂದು ಮಾದರಿ ಕೊಡುತ್ತೇವೆ. ಕ್ಲೆರಿಕ್, ಬಾರ್ಡ್, ಪ್ಯಾಲಡಿನ್, ರೇಂಜರ್. ಬಿದ್ದವರನ್ನು ಎಬ್ಬಿಸಲು ಕ್ಲೆರಿಕ್ ಮತ್ತು ಬಾರ್ಡ್, ಕೈ ಇಟ್ಟು ಗುಣಪಡಿಸಲು ಪ್ಯಾಲಡಿನ್ ಕೂಡ. ಎದುರು ನಿಲ್ಲಲು ಪ್ಯಾಲಡಿನ್, ಅವರಿಲ್ಲದಾಗ ಗುರಾಣಿ ಹಿಡಿದ ಕ್ಲೆರಿಕ್. ಮಾತಿಗೆ ಬಾರ್ಡ್, ನಂತರ ಪ್ಯಾಲಡಿನ್. ಬೀಗಕ್ಕೆ ರೇಂಜರ್ ಮತ್ತು ಬಾರ್ಡ್. ಇಬ್ಬರಿಗೂ ಸ್ಲೈಟ್ ಆಫ್ ಹ್ಯಾಂಡ್ ಕೌಶಲ ಆರಿಸಿ, ಅರ್ಚಿನ್ ಅಥವಾ ಚಾರ್ಲಟನ್ ಹಿನ್ನೆಲೆ ಕೊಟ್ಟರೆ ಅದು ತಾನಾಗಿ ಬರುತ್ತದೆ. ‘ಫೈರ್‌ಬಾಲ್ ಇಲ್ಲದ ಪಾರ್ಟಿಯೂ ಒಂದು ಪಾರ್ಟಿಯಾ’ ಎಂದು ಮೂಗು ಮುರಿಯುವವರಿಗೆ ಉತ್ತರ: ಕ್ಲೆರಿಕ್ಕಿಗೆ ಲೈಟ್ ಡೊಮೇನ್ ಕೊಡಿ, ಐದನೇ ಲೆವೆಲ್‌ಗೆ ಫೈರ್‌ಬಾಲ್ ಬರುತ್ತದೆ. ಯಾರು ಬಾರದಿದ್ದರೂ ಈ ಪಾರ್ಟಿ ಕುಂಟುತ್ತದೆ, ಆದರೆ ಕೂರುವುದಿಲ್ಲ.

ಬಾರದವರ ಪಾತ್ರವನ್ನು ಏನು ಮಾಡುವುದು? ಬಿಡುಗಡೆಯಾದ ಹೊಸದರಲ್ಲಿ ಗೆಳೆಯರ ಪಾತ್ರ ಪಾರ್ಟಿಯಲ್ಲೇ ಅಂಟಿಕೊಂಡು ಜಾಗ ಹಿಡಿದಿರುತ್ತಿತ್ತು. ಆಮೇಲಿನ ಒಂದು ಅಪ್‌ಡೇಟ್‌ನಲ್ಲಿ ವಿದರ್ಸ್ ಎಂಬ ಎಲುಬುಗೂಡಿನಂಥ ಮುದುಕ ಕ್ಯಾಂಪಿನಲ್ಲಿ ಒಂದು ಬೀರು ಇಟ್ಟ. ಬಾರದ ಗೆಳೆಯರನ್ನು ಅದರೊಳಗೆ ನಿಲ್ಲಿಸಿ, ಖಾಲಿಯಾದ ಜಾಗಕ್ಕೆ ಆಟದ್ದೇ ಜೊತೆಗಾರರಾದ ಶ್ಯಾಡೋಹಾರ್ಟ್ ಅಥವಾ ಕಾರ್ಲಾಕ್‌ಳನ್ನು ಕರೆಯಬಹುದು. ಇದನ್ನು ಬಳಸಿ. ಬಂದ ಮೇಲೆ ಅವರಿಗೆ ವಾರಪೂರ್ತಿ ‘ಬೀರುವಿನೊಳಗೆ ಸೆಖೆಯಾಯಿತೇ’ ಎಂದು ಕೇಳುವ ಹಕ್ಕು ಪಾರ್ಟಿಗೆ ಇದೆ.

ವಿಶ್ರಾಂತಿಯ ಪಾಳಿ ಹೊಂದಿಸಿಕೊಳ್ಳಿ.

ಪಾರ್ಟಿಗಳು ಒಳಗೊಳಗೇ ಮುರಿಯುವುದು ಇಲ್ಲಿ, ಮತ್ತು ಯಾರೂ ಇದನ್ನು ಮೊದಲೇ ಹೇಳುವುದಿಲ್ಲ. ವಿಝರ್ಡ್, ಸಾರ್ಸರರ್, ಕ್ಲೆರಿಕ್‌ಗಳ ಮಂತ್ರಶಕ್ತಿ ಪೂರ್ತಿಯಾಗಿ ಮರಳುವುದು ರಾತ್ರಿಯ ದೀರ್ಘ ವಿಶ್ರಾಂತಿಗೆ. ಬಾರ್ಬೇರಿಯನ್‌ನ ರೋಷವೂ ಹಾಗೆಯೇ. ವಾರ್ಲಾಕ್‌ನ ಮಂತ್ರ, ಫೈಟರ್‌ನ ಆಕ್ಷನ್ ಸರ್ಜ್, ಮಾಂಕ್‌ನ ಕೀ ಮಾತ್ರ ಅಲ್ಪ ವಿಶ್ರಾಂತಿಗೇ ತುಂಬಿಕೊಳ್ಳುತ್ತವೆ. ಒಂದು ದೀರ್ಘ ವಿಶ್ರಾಂತಿಗೆ ಎರಡು ಅಲ್ಪ ವಿಶ್ರಾಂತಿ. ಬಾರ್ಡ್ ಇದ್ದರೆ ಎರಡನೇ ಲೆವೆಲ್‌ನಿಂದ ಇನ್ನೊಂದು. ದೀರ್ಘ ವಿಶ್ರಾಂತಿ ಪುಕ್ಕಟೆಯಲ್ಲ: ಬ್ಯಾಲೆನ್ಸ್ಡ್ ಹಂತದಲ್ಲಿ 40 ಅಳತೆ ಆಹಾರ ಬೇಕು, ಟ್ಯಾಕ್ಟಿಶಿಯನ್‌ನಲ್ಲಿ 80.

ಈಗ ಮೂವರು ದೀರ್ಘ ವಿಶ್ರಾಂತಿಯವರು, ಒಬ್ಬರು ವಾರ್ಲಾಕ್ ಎಂದಿಟ್ಟುಕೊಳ್ಳಿ. ಒಂದು ಕಾಳಗ ಮುಗಿಯುತ್ತಲೂ ಮೂವರು ‘ಮಲಗೋಣ’ ಅನ್ನುತ್ತಾರೆ, ವಾರ್ಲಾಕ್ ‘ಐದು ನಿಮಿಷ ಕೂತರೆ ಸಾಕು’ ಅನ್ನುತ್ತಾರೆ. ಇದು ಜಗಳವಾಗುವುದು ಆಟ ಗೊತ್ತಿಲ್ಲದ್ದಕ್ಕಲ್ಲ. ಅವರವರ ಕ್ಲಾಸ್ ಅವರವರಿಗೆ ಬೇರೆ ಗಡಿಯಾರ ಕೊಟ್ಟಿದೆ. ಎರಡೂ ಬಗೆಯವರು ಇಬ್ಬಿಬ್ಬರಿದ್ದರೆ ಅಲ್ಪ ವಿಶ್ರಾಂತಿಯ ಇಬ್ಬರು ನಡುವಿನ ಸಣ್ಣ ಕಾಳಗಗಳನ್ನು ಹೊರುತ್ತಾರೆ, ದೀರ್ಘದವರು ದೊಡ್ಡದಕ್ಕೆ ಮದ್ದು ಉಳಿಸಿಕೊಳ್ಳುತ್ತಾರೆ. ಮೂರು ಪಾಳಿಯಲ್ಲಿ ಜನರನ್ನು ಹೊಂದಿಸಿ ಗೊತ್ತಿರುವ ಸೂಪರ್‌ವೈಸರ್‌ಗಳು ಇದನ್ನು ಒಂದೇ ಸಲಕ್ಕೆ ಹಿಡಿಯುತ್ತಾರೆ. ಹೆಚ್ಚು ತಡವರಿಸುವವರು ಸಾಫ್ಟ್‌ವೇರ್‌ನವರೇ.

ಬಿದ್ದವರನ್ನು ದೂರದಿಂದ ಎಬ್ಬಿಸುವ ವಿದ್ಯೆ ಇರಲಿ.

ಕ್ಯೂರ್ ವೂಂಡ್ಸ್ ಹೆಚ್ಚು ಗುಣಪಡಿಸುತ್ತದೆ, ಆದರೆ ಮುಟ್ಟಬೇಕು, ಒಂದು ಇಡೀ ಆಕ್ಷನ್ ತಿನ್ನುತ್ತದೆ. ಹೀಲಿಂಗ್ ವರ್ಡ್ 18 ಮೀಟರ್ ದೂರದಿಂದ ಬೋನಸ್ ಆಕ್ಷನ್‌ನಲ್ಲಿ ಮುಗಿಯುತ್ತದೆ, ನಿಮ್ಮ ಏಟು ನಿಮಗೇ ಉಳಿಯುತ್ತದೆ. ಗಾಯಕ್ಕೆಲ್ಲ ಮುಲಾಮು ಹಚ್ಚುತ್ತ ಕೂರುವ ಆಟವಲ್ಲ ಇದು. ಕೆಳಗೆ ಬಿದ್ದವರು ಎದ್ದು ನಿಂತರೆ ಅವರ ಸರದಿ ಮರಳಿ ಬರುತ್ತದೆ, ಒಂದು ಅಂಕ ಜೀವ ಇದ್ದರೂ ಸಾಕು. ಮಂತ್ರ ಮುಗಿದಾಗ ಔಷಧದ ಶೀಶೆಯನ್ನು ಬಿದ್ದವರ ಪಕ್ಕಕ್ಕೆ ಎಸೆಯಿರಿ, ಒಡೆದು ಚೆಲ್ಲಿದ್ದೂ ಗುಣ ಕೊಡುತ್ತದೆ.

ಮಾತಾಡುವವರು ಮುಂದೆ ನಡೆಯತಕ್ಕದ್ದು.

ಮಾತುಕತೆ ಯಾರು ಶುರು ಮಾಡುತ್ತಾರೋ ಅವರ ಕರಿಸ್ಮಾ ಮೇಲೆಯೇ ದಾಳ ಬೀಳುತ್ತದೆ, ತೀರ್ಮಾನವೂ ಅವರದೇ. ಸಂಧಾನಕ್ಕೆ ಬಾರ್ಡ್ ಸಿದ್ಧವಾಗುವಷ್ಟರಲ್ಲಿ ಬಾರ್ಬೇರಿಯನ್ ಹೋಗಿ ಕಾವಲುಗಾರನ ಮೂಗಿನ ಕೆಳಗೆ ನಿಂತರೆ ಮಾತು ಅವರ ಬಾಯಿಂದಲೇ ಬರುವುದು. ಪಕ್ಕದವರು ಗೈಡೆನ್ಸ್ ಹಾಕಿ ದಾಳಕ್ಕೆ ನಾಲ್ಕು ಮುಖದ ಇನ್ನೊಂದು ದಾಳ ಸೇರಿಸಲಿ. ಬಾಗಿಲು ತೆರೆಯುವ ಮೊದಲು ‘ಯಾರು ಮಾತಾಡುವುದು’ ಎಂದು ಕೇಳುವುದು ಕಡ್ಡಾಯ.

ಯಾರ ಕಾನ್ಸೆಂಟ್ರೇಶನ್ ಎಲ್ಲಿದೆ ಎಂದು ಬಾಯಿಬಿಟ್ಟು ಹೇಳಿ.

ಬ್ಲೆಸ್, ಹೇಸ್ಟ್, ಹೋಲ್ಡ್ ಪರ್ಸನ್, ಸ್ಪಿರಿಟ್ ಗಾರ್ಡಿಯನ್ಸ್: ಎಲ್ಲಕ್ಕೂ ಏಕಾಗ್ರತೆ ಬೇಕು, ಒಬ್ಬರಿಗೆ ಒಮ್ಮೆಗೆ ಒಂದೇ. ಬ್ಲೆಸ್ ಹಿಡಿದಿರುವ ಕ್ಲೆರಿಕ್ ಸ್ಪಿರಿಟ್ ಗಾರ್ಡಿಯನ್ಸ್ ಹಾಕಿದ ಕ್ಷಣ ಬ್ಲೆಸ್ ಹೋಯಿತು. ಏಟು ಬಿದ್ದಾಗಲೂ ದಾಳ ಗೆಲ್ಲಬೇಕು. ಗುರಿ ಹತ್ತು, ಅಥವಾ ಏಟಿನ ಅರ್ಧ, ಯಾವುದು ಹೆಚ್ಚೋ ಅದು. ಹೇಸ್ಟ್ ಮುರಿದರೆ ಅದರ ಲಾಭ ಪಡೆದವರೇ ಒಂದು ಸರದಿ ಸೋತು ನಿಲ್ಲುತ್ತಾರೆ, ಆದ್ದರಿಂದ ಹೇಸ್ಟ್ ಹಾಕಿದವರನ್ನು ಎದುರಿಗೆ ನಿಲ್ಲಿಸಬೇಡಿ.

ಬದಲಾಗಲು ಹಿಂಜರಿಯಬೇಡಿ. ವಿದರ್ಸ್‌ಗೆ 100 ಚಿನ್ನ ಕೊಟ್ಟರೆ ಕ್ಲಾಸನ್ನೇ ಬದಲಿಸಿಕೊಡುತ್ತಾನೆ, ಜೊತೆಗಾರರದ್ದನ್ನೂ. ಶ್ಯಾಡೋಹಾರ್ಟ್ ಬರುವುದು ಟ್ರಿಕರಿ ಡೊಮೇನ್ ಹೊತ್ತುಕೊಂಡು. ನಿಮಗೆ ಬೇಕಾದ್ದು ಬೇರೆಯಾದರೆ ಮುಲಾಜಿಲ್ಲದೆ ಬದಲಿಸಿ. ವಿರಾಟನ ಮಗ ಉತ್ತರಕುಮಾರ ಯುದ್ಧಕ್ಕೆ ಹೊರಟದ್ದು ವೀರನಾಗಿ, ಉಪಯೋಗಕ್ಕೆ ಬಂದದ್ದು ಸಾರಥಿಯಾಗಿ. ಬೃಹನ್ನಳೆ ಅವನನ್ನು ಗದರಿ ಕುದುರೆಯ ಹಗ್ಗ ಕೈಗೆ ಕೊಡದಿದ್ದರೆ ಆ ದಿನ ಗೋವುಗಳು ಮರಳುತ್ತಿರಲಿಲ್ಲ. ನಿಮ್ಮ ಪಾರ್ಟಿಯಲ್ಲೂ ಒಲೆಯ ಮುಂದಿನ ಪೌರುಷದ ಫೈಟರ್ ಇದ್ದರೆ 100 ಚಿನ್ನ ಚಂದಾ ಎತ್ತಿ.

ಮಾಡಬಾರದ್ದು

‘ಟ್ಯಾಂಕ್’ ನಂಬಿಕೊಂಡು ಕೂರಬಾರದು.

ಟ್ಯಾಂಕ್, ಹೀಲರ್, ಮೂವರು ಹೊಡೆಯುವವರು ಎಂಬ ಐವರ ಸೂತ್ರವನ್ನು ಜನ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಂಥ ಆಟಗಳಿಂದ ತಲೆಗೆ ತುಂಬಿಕೊಂಡಿದ್ದಾರೆ. 2004ರ ಆ ಆಟದಲ್ಲಿ ಶತ್ರುವಿನ ಕೋಪಕ್ಕೆ ಒಂದು ಲೆಕ್ಕ ಇತ್ತು. ಟ್ಯಾಂಕ್ ಅದನ್ನು ತನ್ನತ್ತ ಸೆಳೆದು ನಿಂತರೆ ಹಿಂದಿನವರು ಕ್ಷೇಮ. ಬಾಲ್ಡರ್ಸ್ ಗೇಟ್‌ನಲ್ಲಿ ಅಂಥ ಲೆಕ್ಕವಿಲ್ಲ. ಉಕ್ಕಿನ ಕವಚ ತೊಟ್ಟ ನಿಮ್ಮ ಫೈಟರ್‌ನನ್ನು ಗಾಬ್ಲಿನ್‌ಗಳು ಬದಿಗೆ ಸರಿದು ದಾಟಿ, ಹಿಂದೆ ನಿಲುವಂಗಿ ತೊಟ್ಟು ನಿಂತ ವಿಝರ್ಡ್‌ನತ್ತ ಓಡುತ್ತವೆ. ಅವಕ್ಕೂ ಬುದ್ಧಿಯಿದೆ.

ಹಾಗಾದರೆ ಮುಂದಾಳು ಬೇಡವೆ? ಬೇಕು, ಆದರೆ ಜಾಗದ ಮೇಲೆ ನಿಲ್ಲಿಸಿ. ಬಾಗಿಲ ಚೌಕಟ್ಟು, ಸೇತುವೆಯ ತುದಿ, ಏಣಿಯ ತಲೆ. ದಾಟುವವರಿಗೆ ಅವಕಾಶದ ಏಟು ಬೀಳುತ್ತದೆ. ಸೆಂಟಿನೆಲ್ ಫೀಟ್ ಇದ್ದರೆ ದಾಟಲು ಹೊರಟವರು ಅಲ್ಲೇ ನಿಲ್ಲುತ್ತಾರೆ. ಬಯಲಿನ ನಡುವೆ ಒಬ್ಬ ಬಲಭೀಮನನ್ನು ನಿಲ್ಲಿಸಿ ಹಿಂದೆ ಅವಿತರೆ ಅವನ ಗದೆಗೆ ಕೆಲಸವೇ ಇರುವುದಿಲ್ಲ. ವಿಝರ್ಡ್‌ಗೆ ಕಬ್ಬಿಣ ತೊಡಿಸಿದರೆ ಬಚಾವಾಗುತ್ತಾರೆ ಎಂಬ ಉಪಾಯವೂ ಬೇಡ: ಅಭ್ಯಾಸವಿಲ್ಲದ ಕವಚ ತೊಟ್ಟವರಿಗೆ ಮಂತ್ರ ಹಾಕಲಾಗದು.

ಹೀಲರ್ ಕೆಲಸವನ್ನು ಕೊನೆಗೆ ಬಂದವರ ತಲೆಗೆ ಕಟ್ಟಬಾರದು.

ಅದರಲ್ಲೂ ಪಾರ್ಟಿಯಲ್ಲಿ ಒಬ್ಬ ಹೆಣ್ಣುಮಗಳಿದ್ದರೆ ‘ಕ್ಲೆರಿಕ್ ನೀನೇ’ ಎಂದು ಕೇಳದೆಯೇ ಬರೆದಿಡುವ ಚಾಳಿಯನ್ನು ಇಂದಿನಿಂದ ನಿಷೇಧಿಸಲಾಗಿದೆ. ಅವರಿಗೆ ಬಾರ್ಬೇರಿಯನ್ ಬೇಕಾಗಿರಬಹುದು. ಕೊಡಿ. ಯಾರಿಗೂ ಎಬ್ಬಿಸುವ ಕೆಲಸ ಬೇಡವಾದರೆ ಅದನ್ನು ಮೂವರಲ್ಲಿ ಚೂರುಚೂರಾಗಿ ಹಂಚಿ, ಶೀಶೆಗಳನ್ನು ನಾಲ್ವರ ಚೀಲಕ್ಕೂ ಹಾಕಿ.

ಹೇಳದೆ ಫೈರ್‌ಬಾಲ್ ಎಸೆಯಬಾರದು. ಅದು ನಮ್ಮವರು ತಮ್ಮವರು ನೋಡುವುದಿಲ್ಲ. ಎವೊಕೇಶನ್ ಕಲಿತ ವಿಝರ್ಡ್ ಮಾತ್ರ ತಮ್ಮವರನ್ನು ಉಳಿಸಿ ಸುಡಬಲ್ಲರು. ಗ್ರೀಸ್ ಚೆಲ್ಲಿದ ನೆಲದಲ್ಲಿ ಗೆಳೆಯರು ನಿಂತಿರುವಾಗ ಬೆಂಕಿ ಬಾಣ ಬೇಡ. ಕ್ರಿಯೇಟ್ ವಾಟರ್ ಸುರಿದು ನೆನೆದ ಶತ್ರುವಿಗೆ ಮಿಂಚು ಅಥವಾ ಶೀತ ಹೊಡೆಯಿರಿ, ಏಟು ಇಮ್ಮಡಿ. ಒಬ್ಬರು ನೀರು ಸುರಿದ ಮೇಲೆ ಇನ್ನೊಬ್ಬರು ಬೆಂಕಿ ಹಚ್ಚಿದರೆ ಇಬ್ಬರ ಸರದಿಯೂ ದಂಡ.

ಒಂದೇ ಬಗೆಯ ಏಟಿನ ಪಾರ್ಟಿ ಕಟ್ಟಬಾರದು. ಗ್ರಿಮ್‌ಫೋರ್ಜ್‌ನಲ್ಲಿ ಗ್ರಿಮ್ ಎಂಬ ಲೋಹದ ದೈತ್ಯ ಕಾದಿದ್ದಾನೆ. ಲಾವಾದಲ್ಲಿ ಕೆಂಪಗೆ ಕಾದಾಗ ಮಾತ್ರ ಅವನಿಗೆ ಏಟು ತಾಗುವುದು, ಅದರಲ್ಲೂ ಸುತ್ತಿಗೆ, ಗದೆಯಂಥವು ಚೆನ್ನಾಗಿ ತಾಗುತ್ತವೆ. ಪೀಣ್ಯದ ಫೋರ್ಜಿಂಗ್ ಶೆಡ್ಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲ್ವರೂ ಕತ್ತಿ ಬಿಲ್ಲು ಹಿಡಿದು ಹೋದ ಪಾರ್ಟಿ ಅಲ್ಲಿ ಬಹಳ ಹೊತ್ತು ಬೆವರುತ್ತದೆ.

ಇಲ್ಲಿನ ಸಮತೋಲನವನ್ನು ಬೇರೆ ಆಟಕ್ಕೆ ಹೊತ್ತೊಯ್ಯಬಾರದು. ಇದೇ ಲೇರಿಯನ್‌ರ 2017ರ ಡಿವಿನಿಟಿ: ಒರಿಜಿನಲ್ ಸಿನ್ 2 ನೋಡಿ. ಅಲ್ಲಿ ಶತ್ರುವಿಗೆ ಮೈಯ ಕವಚ ಬೇರೆ, ಮಂತ್ರದ ಕವಚ ಬೇರೆ. ಇಬ್ಬರು ಕತ್ತಿ, ಇಬ್ಬರು ಮಂತ್ರ ಎಂದು ನ್ಯಾಯವಾಗಿ ಹಂಚಿಕೊಂಡರೆ ಎರಡು ಗೋಡೆಯನ್ನು ಅರ್ಧರ್ಧ ಕೆಡವುತ್ತ ಕೂರುತ್ತೀರಿ. ನಾಲ್ವರೂ ಒಂದೇ ಗೋಡೆಗೆ ಬಿದ್ದ ಪಾರ್ಟಿ ಬೇಗ ಗೆಲ್ಲುತ್ತದೆ. ಡಾರ್ಕೆಸ್ಟ್ ಡಂಜನ್‌ನಲ್ಲಿ ನಾಲ್ವರು ಸಾಲಾಗಿ ನಿಲ್ಲುತ್ತಾರೆ, ಯಾವ ವಿದ್ಯೆ ಯಾವ ಸ್ಥಾನದಿಂದ ನಡೆಯುತ್ತದೆ ಎಂಬುದೇ ಎಲ್ಲ. ಆಟ ಬದಲಾದರೆ ಪಟ್ಟಿಯನ್ನು ಹೊಸದಾಗಿ ಬರೆಯಿರಿ.

ವಿಡಿಯೊ ನೋಡಿ ಬಿಲ್ಡ್ ನಕಲು ಮಾಡಬಾರದು ಎನ್ನುವುದಿಲ್ಲ. ಆದರೆ ಹನ್ನೆರಡನೇ ಲೆವೆಲ್‌ನಲ್ಲಿ ಮಿಂಚುವ ಬಿಲ್ಡ್ ನಾಲ್ಕನೇ ಲೆವೆಲ್‌ನಲ್ಲಿ ಹೇಗಿರುತ್ತದೆ ಎಂದು ಕೇಳಿ. ಐದಕ್ಕೆ ಕಾದಾಡುವವರಿಗೆ ಎರಡನೇ ಏಟು, ವಿಝರ್ಡ್‌ಗೆ ಫೈರ್‌ಬಾಲ್. ಅದಕ್ಕೆ ಮೊದಲೇ ಮೂರು ಕ್ಲಾಸ್ ಬೆರೆಸಿಕೊಂಡವರನ್ನು ಮಿಕ್ಕ ಮೂವರು ಹೊತ್ತು ತಿರುಗಬೇಕಾಗುತ್ತದೆ.

ಯುಪಿಎಸ್ ಇಲ್ಲದ ಮನೆಯಿಂದ ಹೋಸ್ಟ್ ಮಾಡಬಾರದು. ಹೋಸ್ಟ್ ಉರುಳಿದರೆ ನಾಲ್ವರ ಆಟವೂ ಉರುಳುತ್ತದೆ. ಮಳೆ ಹನಿದರೆ ಕರೆಂಟು ಹೋಗುವ ಬೀದಿಯವರು, ಎಷ್ಟೇ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಂಡಿರಲಿ, ಅತಿಥಿಗಳಾಗಿಯೇ ಬರಲಿ. ರೌಟರಿಗೂ ಬ್ಯಾಟರಿ ಇರಬೇಕು. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಎಂಬ ಮಾತೇ ಬೇಡ: ಆಟಕ್ಕೆ ಬೇಕಾದದ್ದು 150 ಜಿಬಿ ಜಾಗ, ಐಟಿ ವಿಭಾಗದವರಿಗೆ ಕಣ್ಣಿದೆ.

ಪಾರ್ಟಿ ತೀರ್ಮಾನಿಸುವ ಮೊದಲ ಸಭೆಯನ್ನು ಫೋನಿನಲ್ಲಿ ಮುಗಿಸಬಾರದು. ಪೀಣ್ಯಕ್ಕೆ ಹಸಿರು ಮಾರ್ಗದ ಮೆಟ್ರೊ 2014ರಿಂದ ಇದೆ, ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಕಾಡುಗೋಡಿಯವರೆಗೆ ಎಡೆಬಿಡದೆ ಕೂಡಿಕೊಂಡಿತು, 2025ರ ಆಗಸ್ಟ್ 10ರಂದು ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ತೆರೆಯಿತು. ಸಿಲ್ಕ್ ಬೋರ್ಡ್ ನೆಪ ಇನ್ನು ನಡೆಯದು. ಒಂದು ಮಧ್ಯಾಹ್ನ ಒಂದು ಮನೆಯಲ್ಲಿ ಕೂತು, ಏಳು ಕೆಲಸದ ಎದುರು ಎರಡೆರಡು ಹೆಸರು ಬರೆದು, ಮುಂದಿನ ತಿಂಗಳ ಶಿಫ್ಟ್ ಚಾರ್ಟ್ ಅದರ ಪಕ್ಕದಲ್ಲೇ ಇಟ್ಟು ಒಮ್ಮೆ ತಾಳೆ ನೋಡಿ.

ಆನರ್ ಮೋಡ್‌ಗೆ ಅವಸರ ಬೇಡ. 2023ರ ನವೆಂಬರ್ 30ರ ಐದನೇ ಪ್ಯಾಚ್‌ನಲ್ಲಿ ಬಂದ ಈ ಹಂತದಲ್ಲಿ ಸೇವ್ ಒಂದೇ, ಹಿಂದಕ್ಕೆ ಹೋಗುವಂತಿಲ್ಲ, ದೊಡ್ಡ ಶತ್ರುಗಳಿಗೆ ಸರದಿಯ ಹೊರಗೂ ಏಟಿನ ಅವಕಾಶ ಇದೆ. ಪಾರ್ಟಿಯಲ್ಲಿ ಇಡೀ ಆಟ ಒಮ್ಮೆ ಮುಗಿಸಿದವರು ಇಬ್ಬರಾದರೂ ಇರಬೇಕು. ಪ್ರತಿ ದೊಡ್ಡ ಕಾಳಗಕ್ಕೂ ಮೊದಲು ಓಡುವವರು ಯಾರು ಎಂದು ಗೊತ್ತುಮಾಡಿ. ಅವರು ಗಲಾಟೆಯಿಂದ ದೂರ, ಹೊರಬಾಗಿಲ ಹತ್ತಿರ ನಿಲ್ಲತಕ್ಕದ್ದು. ಮೂವರು ಬಿದ್ದರೆ ನಾಲ್ಕನೆಯವರು ವೀರಾವೇಶ ತೋರಿಸದೆ ಕ್ಯಾಂಪಿಗೆ ಓಡಬೇಕು. ಸತ್ತವರನ್ನು ಎಬ್ಬಿಸಲು ವಿದರ್ಸ್ ತಲೆಗೆ 200 ಚಿನ್ನ ಕೇಳುತ್ತಾನೆ, ಆದ್ದರಿಂದ ಓಡುವವರ ಚೀಲದಲ್ಲಿ 600 ಯಾವಾಗಲೂ ಇರಲಿ.